ನಮ್ಮ ಕೆರೆಯ ಕಪ್ಪೆ ಮೇಡಂ

ಮಕ್ಕಳೇ, ಕಳೆದ ಸೋಮವಾರ ಮಧ್ಯಾಹ್ನ ನಾನು ಫೋನಿನಲ್ಲಿ ಅಷ್ಟು ಹೊತ್ತು ನಗುತ್ತಾ ಮಾತಾಡಿದ್ದು ಯಾರ ಹತ್ತಿರ ಎಂದು ನೀವಿಬ್ಬರೂ ಕೇಳಿದಿರಿ. "ಒಬ್ಬರು ಮೇಡಂ" ಎಂದಷ್ಟೇ ಹೇಳಿದೆ. ಬಾಯಿಯಲ್ಲಿ ಹೇಳಲು ಹೊರಟರೆ ನನಗೆ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ.

ಅವರು ಈ ತಿಂಗಳು ಕೆಲಸದಿಂದ ನಿವೃತ್ತರಾದರಂತೆ. ಬೀಳ್ಕೊಡುವ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರಂತೆ. "ಹಣ್ಣಿನ ಬುಟ್ಟ್ಯಾಗ ಒಂದು ಸಣ್ಣ ಮರಗಪ್ಪಿ ಕುಂತಿತ್ತು ಅಕ್ಕಾರ. ಭಾಷಣ ಮುಗಿಯೂತನಕಾ ನಾ ಅದನ್ನ ನೋಡಕೋತ ಕುಂತೆ" ಎಂದರು. ತಮ್ಮನ್ನು ಹೊಗಳಿ ಯಾರು ಏನು ಹೇಳಿದರು ಎನ್ನುವುದು ಅವರಿಗೆ ನೆನಪೇ ಇಲ್ಲ. ಕಪ್ಪೆಯ ಹೊಟ್ಟೆಯ ಬಣ್ಣ ಮಾತ್ರ ಸರಿಯಾಗಿ ಹೇಳಿದರು.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಇಷ್ಟವಾಗಲಿಕ್ಕಿಲ್ಲ. ಮರ್ಕಂಜದಲ್ಲಿ ಎಲ್ಲರೂ ಅವರನ್ನು ಕಪ್ಪೆ ಮೇಡಂ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ.

ಅವರು ನಮ್ಮ ಮನೆಗೆ ಮೊದಲು ಬಂದಾಗ ನಿಮ್ಮ ಅಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು. ತೋಟದ ಕೆಲಸವನ್ನೆಲ್ಲ ನನ್ನ ಮೈದುನ, ಎಂದರೆ ನೀವು ಸಣ್ಣಜ್ಜ ಎಂದು ಕರೆಯುವವರು, ನೋಡಿಕೊಳ್ಳುತ್ತಿದ್ದರು. ಜೂನ್ ತಿಂಗಳ ಮೊದಲ ವಾರ. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ ಒಬ್ಬರು ಹೆಂಗಸು ಅಂಗಳದಲ್ಲಿ ನಿಂತಿದ್ದರು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲು. ಕೈಯಲ್ಲಿ ಕೋಲಿಗೆ ಬಿಗಿದ ಚಾ ಸೋಸುವ ಜಾಲರಿ. ನಾನು ಬಾಗಿಲ ಹಿಂದಿನಿಂದ ನೋಡಿದೆ.

"ಯಾರು ಬೇಕಿತ್ತು?" ಎಂದು ಮೈದುನ ಕೇಳಿದರು.

"ನಿಮ್ಮ ಕೆರಿ ಬೇಕಾಗಿತ್ರಿ."

"ಕೆರೆ ಕೊಡ್ಲಿಕ್ಕಿಲ್ಲ ಮಾರಾಯ್ರೆ."

"ತಗೊಂಡು ಹೋಗಂಗಿಲ್ರಿ. ನೋಡೂದಷ್ಟ."

ಅವರ ಊರು ಗದಗದ ಕಡೆ. ಮಾತು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಕಾಡುಹಕ್ಕಿ, ಕಪ್ಪೆ, ಅವು ಬದುಕುವ ಜಾಗ ಇವುಗಳನ್ನೆಲ್ಲ ಉಳಿಸುವುದು ಹೇಗೆ ಎಂದು ಸಂಶೋಧನೆ ಮಾಡುವ ಒಂದು ಕಚೇರಿಯಲ್ಲಿ ಅವರಿಗೆ ಕೆಲಸ. ಸುಳ್ಯದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದು ಒಂದೊಂದೇ ತೋಟದ ಕೆರೆ ನೋಡಿಕೊಂಡು ನಡೆಯುತ್ತಾ ನಮ್ಮಲ್ಲಿಗೆ ತಲುಪುವಾಗ ಒಂಬತ್ತು ಗಂಟೆ ಆಗುತ್ತಿತ್ತು. ವಾರದಲ್ಲಿ ಎರಡು ದಿನ ಕಡಬದ ಕಡೆ ಪೆರಾಬೆಯ ಕೆರೆಗಳಿಗೂ ಹೋಗುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಹಾರುವ ಕಪ್ಪೆ. ಮೈ ಬಾಳೆಯ ಎಳೆ ಎಲೆಯಂಥ ಹಸಿರು, ಕಾಲಿನ ಬೆರಳುಗಳ ನಡುವೆ ಕೆಂಪು ಚರ್ಮ. ಕೊಡೆ ಬಿಡಿಸಿದ ಹಾಗೆ ಆ ಬೆರಳುಗಳನ್ನು ಬಿಡಿಸಿ ಮರದಿಂದ ಮರಕ್ಕೆ ಜಾರುತ್ತದೆ. ಸಂಜೆಯ ಹೊತ್ತು ಕೆರೆಯ ಬದಿಯಿಂದ ಯಾರೋ ಸಣ್ಣ ಸುತ್ತಿಗೆಯಲ್ಲಿ ಮರ ಕುಟ್ಟಿದ ಹಾಗೆ ಟಕ್ ಟಕ್ ಎಂದು ಕೇಳುತ್ತದಲ್ಲ, ಅದೇ. ನಾನು ಮದುವೆಯಾಗಿ ಬಂದಾಗಿನಿಂದ ಆ ಶಬ್ದ ಕೇಳಿದ್ದೇನೆ. ಅದು ಕಪ್ಪೆ ಎಂದು ಗೊತ್ತಾದದ್ದು ಅವರು ಹೇಳಿದ ಮೇಲೆ.

ಅವರ ಬಾಯಿಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತಿತ್ತು. ಯಾರು ಏನು ಹೇಳಿದರೂ, "ನೋಡಿದ್ದೇನು, ಕೇಳಿದ್ದೇನು?" ಒಂದು ದಿನ ಮೈದುನ ಜಗಲಿಯಲ್ಲಿ ಕೂತು, "ಮೊನ್ನೆ ನಮ್ಮ ಗುಡ್ಡೆಯ ಗೋಳಿಮರದಲ್ಲಿ ಮಂಗಟ್ಟೆ ಹಕ್ಕಿ ಒಂದು ಇಪ್ಪತ್ತು ಉಂಟು ಮೇಡಂ, ಮರ ಕಾಣುದಿಲ್ಲ, ಬರೀ ಕೊಕ್ಕು!" ಎಂದು ಕೈ ಅಗಲಿಸಿ ಹೇಳಿದರು.

"ನೋಡಿದ್ದೇನು, ಕೇಳಿದ್ದೇನು?"

ಮೈದುನ ಕೈ ಇಳಿಸಿದರು. "ಕ್ಷೌರದಂಗಡಿಯಲ್ಲಿ ಹೇಳಿದ್ದು."

ಮೇಡಂ ಪೆನ್ಸಿಲು ಮುಟ್ಟಲಿಲ್ಲ. ಮರುದಿನ ತಾವೇ ಗುಡ್ಡೆ ಹತ್ತಿ, ಮಧ್ಯಾಹ್ನದವರೆಗೆ ಗೋಳಿಮರದ ಕೆಳಗೆ ಕೂತು, ಇಳಿದು ಬಂದು, "ಮೂರು ಅದಾವ್ರಿ" ಎಂದರು. ಮೂರು ಎಂದು ಹೇಳುವಾಗ ಅವರ ಮುಖದಲ್ಲಿ ಇದ್ದ ಸಂತೋಷ ಇಪ್ಪತ್ತು ಎಂದಾಗ ಮೈದುನನ ಮುಖದಲ್ಲೂ ಇರಲಿಲ್ಲ.

ನಮ್ಮ ಕುಚ್ಚಿಲಕ್ಕಿ ಅನ್ನ ಅವರಿಗೆ ಮೊದಲಿಗೆ ಇಳಿಯುತ್ತಲೇ ಇರಲಿಲ್ಲ. "ಇದನ್ನ ಅಗೀಲಿಕ್ಕೆ ಬ್ಯಾರೆ ಹಲ್ಲು ಬೇಕ್ರಿ" ಎನ್ನುತ್ತಿದ್ದರು. ಡಬ್ಬಿಯಲ್ಲಿ ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದರು. ರೊಟ್ಟಿ ಮುರಿಯುವ ಸದ್ದು ಅಡಿಗೆಮನೆಗೆ ಕೇಳಿದರೆ ಮೇಡಂ ಊಟಕ್ಕೆ ಕೂತರು ಎಂದು ಅರ್ಥ. ನಮ್ಮ ಮಳೆಗೆ ಆ ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತಿತ್ತು. ಆಗ ಬೈಯುತ್ತಿದ್ದದ್ದು ಮಳೆಯನ್ನಲ್ಲ, ಡಬ್ಬಿಯನ್ನು. ಮಳೆಗೆ ಅವರು ಯಾವತ್ತೂ ಒಂದು ಮಾತು ಅನ್ನಲಿಲ್ಲ.

ಮಳೆಯ ಮಾತು ಬಂದಾಗ ಒಂದು ಕಥೆಯನ್ನೂ ಹೇಳಿದ್ದರು. ಅವರು ಆರು ವರ್ಷದ ಹುಡುಗಿಯಾಗಿದ್ದಾಗ ಊರಿನಲ್ಲಿ ಮಳೆ ತಡವಾದರೆ ಒನಕೆಗೆ ಬೇವಿನ ಸೊಪ್ಪಿನೊಳಗೆ ಕಪ್ಪೆ ಕಟ್ಟಿ ಮನೆ ಮನೆಗೆ ಹೊತ್ತು ಹೋಗುವ ಪದ್ಧತಿ ಇತ್ತಂತೆ. ಪ್ರತಿ ಮನೆಯವರೂ ಅದರ ಮೇಲೆ ಒಂದು ಕೊಡ ನೀರು ಹೊಯ್ಯಬೇಕು. ಇವರು ಯಾರಿಗೂ ಕಾಣದ ಹಾಗೆ ಕಪ್ಪೆಯನ್ನು ಬಿಚ್ಚಿ ತಮ್ಮ ಮನೆಯ ಮಣ್ಣಿನ ಹರವಿಗೆ ಹಾಕಿ ಮುಚ್ಚಿಟ್ಟರು. ಮೆರವಣಿಗೆ ಖಾಲಿ ಒನಕೆಗೇ ನೀರು ಹೊಯ್ಯಿಸಿಕೊಂಡು ಹೋಯಿತು. ಮರುದಿನ ಮಳೆ ಬಂತು. "ಎಲ್ಲಾರೂ ಕಪ್ಪಿ ಪೂಜಿ ಫಲಿಸ್ತು ಅಂದ್ರು. ಕಪ್ಪಿ ನಮ್ಮ ಹರವ್ಯಾಗ ಐತಿ ಅಂತ ನನಗೊಬ್ಬಾಕಿಗೇ ಗೊತ್ತು. ಅವತ್ತಿನಿಂದ ದೊಡ್ಡವರು 'ಇದರಿಂದ ಹಿಂಗಾತು' ಅಂದ್ರ ನನಗ ನಂಬಿಕಿ ಬರಂಗಿಲ್ಲ" ಎಂದು ನಕ್ಕರು.

ಅಂಥವರಿಗೂ ಒಂದು ತಪ್ಪಾಯಿತು. ಅದರಲ್ಲಿ ನನ್ನ ಪಾಲು ದೊಡ್ಡದು.

ನಮ್ಮ ಕೆರೆಯ ಮೇಲೆ ಬಾಗಿದ ಕೊಕ್ಕೊ ಗಿಡಗಳು ನೀವು ನೋಡಿದ್ದೀರಿ. ಮಳೆಗಾಲದಲ್ಲಿ ಅದರ ಎಲೆಗಳ ಮೇಲೆ ಬೆಳ್ಳಗೆ ಮುಷ್ಟಿ ಗಾತ್ರದ ನೊರೆ ಕೂರುತ್ತದೆ. ನನ್ನ ಅತ್ತೆ, ನಾನು ಈ ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಅದನ್ನು ತೋರಿಸಿ, "ಅದು ಹುಳದ ಉಗುಳು. ನೀರಿಗೆ ಬಿದ್ದರೆ ಮೈಯೆಲ್ಲ ತುರಿ. ಕಂಡಾಗ ತೆಗಿ" ಎಂದಿದ್ದರು. ನಾನು ಅಂಗಳ ಗುಡಿಸುವ ಹಿಡಿಸೂಡಿಯನ್ನು ಹಣ್ಣು ಕೊಯ್ಯುವ ಉದ್ದ ದೋಟಿಯ ತುದಿಗೆ ಕಟ್ಟಿ, ವಾರಕ್ಕೊಮ್ಮೆ ಆ ನೊರೆಯನ್ನು ಎಲೆಯೊಂದಿಗೆ ಎಳೆದು ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತಿದ್ದೆ. ಅಡಿಗೆ, ಗುಡಿಸುವುದು, ಒರಸುವುದು ಇದ್ದ ಹಾಗೆ ಅದೂ ಒಂದು ಕೆಲಸ. ಅದನ್ನು ಯಾರ ಹತ್ತಿರ ಹೇಳುವುದು ಏನಿದೆ?

ಮೇಡಂ ಬಂದ ಮೊದಲ ದಿನ ಕೊಕ್ಕೊ ಎಲೆಗಳಲ್ಲಿ ಎರಡು ಗೂಡು ನೋಡಿ ಬರೆದುಕೊಂಡಿದ್ದರು. ಆ ಸಂಜೆ ಮೈದುನ ನನ್ನ ಹತ್ತಿರ, "ಇನ್ನು ಮಳೆಗಾಲ ಪೂರ್ತಿ ಅವರು ಬರ್ತಾರಂತೆ ಅತ್ತಿಗೆ, ಓದಿದವರು, ಕೆರೆ ನೋಡ್ಲಿಕ್ಕೆ" ಎಂದರು. ಅಷ್ಟು ದೂರದಿಂದ ನಮ್ಮ ಕೆರೆ ನೋಡಲು ಬರುವವರಿಗೆ ಅದು ಕೊಳಕಾಗಿ ಕಾಣಬಾರದಲ್ಲ. ಮರುದಿನದಿಂದ ನಾನು ವಾರಕ್ಕೊಮ್ಮೆಯಲ್ಲ, ದಿನಾ ಬೆಳಿಗ್ಗೆ ಅವರು ಬರುವ ಮೊದಲೇ ಕೆರೆಯ ಸುತ್ತ ಗುಡಿಸಿ, ನೊರೆ ತೆಗೆದು, ಮೆಟ್ಟಿಲು ತೊಳೆದು ಇಡಲು ಶುರು ಮಾಡಿದೆ.

ಅದೇ ವಾರ ಮೈದುನ ತೋಟಕ್ಕೆ ಮದ್ದು ಬಿಡಿಸಿದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕದಡಿ ಹೊಡೆಯುವ ಮದ್ದು.

ಇನ್ನೇನು ಹೇಳಬೇಕು. ಮೊದಲ ದಿನ ಎರಡು ಗೂಡು, ಮದ್ದು ಬಿಟ್ಟ ಮೇಲೆ ಒಂದೂ ಇಲ್ಲ. ಆ ಮಳೆಗಾಲ ಇಲ್ಲ, ಮುಂದಿನ ಮಳೆಗಾಲವೂ ಇಲ್ಲ. ಸಂಜೆ ಕಪ್ಪೆ ಕೂಗುತ್ತದೆ, ಬೆಳಿಗ್ಗೆ ಗೂಡಿಲ್ಲ. ಮೇಡಂ ಕೆರೆಯ ನೀರನ್ನು ಸೀಸೆಯಲ್ಲಿ ಒಯ್ದರು. ನೀರಿನ ಬಿಸಿ ಅಳೆಯುವ ಮಾಪಕ ಕಟ್ಟಲು ಗೂಟ ಹೊಡೆದರು. ದೊಡ್ಡ ಕಾಗದ ಹಿಡಿದು ಮೈದುನನನ್ನು ಎದುರು ಕೂರಿಸಿ ಕೇಳಿದರು: ಎಷ್ಟು ಡ್ರಮ್ ಮದ್ದು, ಎಷ್ಟು ಸಲ, ಎಲ್ಲಿ ಕದಡುವುದು, ಎಲ್ಲಿ ತೊಳೆಯುವುದು. ನಾನು ಚಾ ತಂದಿಟ್ಟು ಒಳಗೆ ಹೋದೆ. ಆ ಕಾಗದದಲ್ಲಿ ನನಗೆ ಒಂದು ಪ್ರಶ್ನೆಯೂ ಇರಲಿಲ್ಲ. ಇದ್ದಿದ್ದರೂ ನಾನು ಉತ್ತರ ಹೇಳುತ್ತಿದ್ದೆನೋ ಇಲ್ಲವೋ.

ಮೂರನೆಯ ಮಳೆಗಾಲದ ಒಂದು ದಿನ ಅವರು ಬಕೆಟಿನಲ್ಲಿ ಏನೋ ಹಿಡಿದುಕೊಂಡು ಓಡೋಡಿ ಬಂದರು. ಪಕ್ಕದ ತೋಟದ ಕೆರೆಯ ಬದಿಯಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಯಂತೆ. ನಮ್ಮ ಜಗಲಿಯಲ್ಲಿ ಒಂದು ಬೇಸನ್ ಕೇಳಿ, ನೀರು ತುಂಬಿ, ಅದರ ಮೇಲೆ ಕೋಲು ಅಡ್ಡ ಇಟ್ಟು, ಕೊಂಬೆಯನ್ನು ಕಟ್ಟಿದರು. ನಾನು ಚಾ ಹಿಡಿದು ಬಂದೆ. ಎಲೆಯ ಮೇಲೆ ನೊರೆ. ನನ್ನ ಅತ್ತೆ ಹೇಳಿದ ಹುಳದ ಉಗುಳು. ಅದರ ಕೆಳಗಿನ ಅಂಚಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚುಕ್ಕೆಗಳು, ಚುಕ್ಕೆಗಳಿಗೆ ಬಾಲ. ಬಾಲ ಅಲ್ಲಾಡುತ್ತಿತ್ತು.

"ಇದೇ ಗೂಡು ನೋಡ್ರಿ" ಎಂದು ಮೇಡಂ ಮೈದುನನಿಗೆ ತೋರಿಸಿದರು. "ತಾಯಿ ಕಪ್ಪಿ ಹಿಂಗಾಲಿನಾಗ ಕಡದು ಕಡದು ಈ ಬುರುಗು ಎಬ್ಬಸ್ತೈತಿ, ಮಜ್ಜಿಗಿ ಕಡದಂಗ. ಒಳಗ ತತ್ತಿ. ಒಂದು ವಾರ ಆದಮ್ಯಾಲೆ ಮರಿ ಕೆಳಗ ನೀರಿಗೆ ಉದುರತಾವ."

"ಇದಾ ಗೂಡು? ಕೋಳಿಯ ಹಾಗೆ ಕಡ್ಡಿ ಇಟ್ಟು ಕಟ್ಟುದು ಅಂತ ಮಾಡಿದ್ದೆ" ಎಂದರು ಮೈದುನ.

ನಾನು ಚಾದ ತಟ್ಟೆಯನ್ನು ನೆಲದ ಮೇಲೆ ಇಟ್ಟುಬಿಟ್ಟೆ. ಇಷ್ಟು ವರ್ಷದಲ್ಲಿ ಅಂಥದ್ದು ಎಷ್ಟನ್ನು ಗೊಬ್ಬರದ ಗುಂಡಿಗೆ ಹಾಕಿರಬಹುದು ಎಂದು ಲೆಕ್ಕ ಹಾಕಲೂ ಧೈರ್ಯ ಬರಲಿಲ್ಲ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಆ ವಾರದ ಶನಿವಾರ ಪುತ್ತೂರಿನಲ್ಲಿ ಕೃಷಿಕರ ಒಂದು ಸಭೆ ಇತ್ತು. ಮೇಡಂ ತಮ್ಮ ಸಂಶೋಧನೆಯನ್ನು ಅಲ್ಲಿ ಹೇಳಬೇಕು, ಅವರ ಕಚೇರಿಯ ಹಿರಿಯರೂ ಬರುತ್ತಾರೆ. "ನಿಮ್ಮ ಹೆಸರು ಹೇಳಂಗಿಲ್ರಿ. ಆದ್ರ ಮದ್ದು ಬಿಟ್ಟ ತೋಟದ ಕೆರ್ಯಾಗ ಗೂಡು ಉಳಿಯಂಗಿಲ್ಲ ಅಂತ ಈ ಕೆರಿ ನೋಡೇ ಹೇಳಬೇಕಾಗೇತಿ" ಎಂದರು.

ಮೈದುನನಿಗೆ ಸಿಟ್ಟು ಬಂತು. "ಹೆಸರು ಹೇಳದಿದ್ರೆ ಎಂತ ಆಯ್ತು? ನೀವು ದಿನಾ ಬರುದು ಯಾರ ಕೆರೆಗೆ ಅಂತ ಊರಿಗೆಲ್ಲ ಗೊತ್ತುಂಟು. ನಾನು ಮದ್ದು ಕದಡುದು ಕೆರೆಯಿಂದ ದೂರ, ತೋಟದ ಮೇಲಿನ ತಟ್ಟಿನಲ್ಲಿ. ಕತ್ತಿಯ ಅಲಗು ಅದ್ದಿ, ಸುಣ್ಣ ಸರಿ ಉಂಟಾ ಅಂತ ನೋಡಿಯೇ ಬಿಡಿಸುದು. ಮದ್ದು ಬಿಡದೆ ಕೊಳೆ ಬಂದ್ರೆ ನಿಮ್ಮ ಕಪ್ಪೆ ಬಂದು ಅಡಿಕೆ ಕೊಡ್ತದಾ?"

"ಅಡಿಕಿ ಕೊಡಂಗಿಲ್ರಿ. ಸೊಳ್ಳಿ ತಿಂತೈತಿ."

"ನಾಳೆಯಿಂದ ನೀವು ಬೇರೆ ಕೆರೆ ನೋಡಿ ಮೇಡಂ."

"ಆತ್ರಿ. ಮುಂಜಾನೆ ಬಂದು ಗೂಟ ಕಿತ್ತಕೊಂಡು ಹೋಗ್ತೀನಿ" ಎಂದು ಮೇಡಂ ಬೇಸನನ್ನು ಎರಡೂ ಕೈಯಲ್ಲಿ ಎತ್ತಿ, ನೀರು ಚೆಲ್ಲದ ಹಾಗೆ, ಮೆಲ್ಲ ಅಂಗಳ ಇಳಿದು ಪಕ್ಕದ ತೋಟದ ಕಡೆಗೆ ಹೋದರು.

ಆ ದಿನ ನಾನು ಸಾರಿಗೆ ಉಪ್ಪು ಹಾಕಲು ಮರೆತೆ. ಮೈದುನ ಸಪ್ಪೆ ಸಾರನ್ನು ಸಿಟ್ಟಿನಲ್ಲೇ ಉಂಡರು, ಉಪ್ಪಿಲ್ಲ ಎಂದು ಹೇಳಲಿಲ್ಲ. ನಾನು ಒಂದು ಮಾತು ಹೇಳಿದರೆ ಮೈದುನನ ಮೇಲಿನ ಅಪವಾದ ಹೋಗುತ್ತದೆ. ಆದರೆ ಮೇಡಂ ಅವರ ಎರಡು ಮಳೆಗಾಲದ ಬರಹ ನೀರಿಗೆ ಬೀಳುತ್ತದೆ. ಹೇಳದಿದ್ದರೆ ಅವರು ಶನಿವಾರ ನೂರು ಜನರ ಎದುರು ನಿಂತು, ತಮಗೇ ಗೊತ್ತಿಲ್ಲದೆ ಸುಳ್ಳು ಹೇಳುತ್ತಾರೆ. ನೋಡಿದ್ದಾ ಕೇಳಿದ್ದಾ ಎಂದು ಎಲ್ಲರನ್ನೂ ಕೇಳುವವರು.

ಬೆಳಿಗ್ಗೆ ಅವರು ಕೆರೆಯ ಬದಿಯಲ್ಲಿ ಗೂಟ ಕೀಳುತ್ತಿದ್ದರು. ನಾನು ಹೋಗಿ ನಿಂತೆ. ಎರಡು ಸಲ ಬಾಯಿ ತೆರೆದೆ. ಕೊನೆಗೆ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ದೋಟಿಯನ್ನು ತಂದೆ, ತುದಿಗೆ ಕಟ್ಟಿದ ಹಿಡಿಸೂಡಿಯನ್ನು ಕೊಕ್ಕೊ ಎಲೆಯ ಹತ್ತಿರ ಹಿಡಿದು, ದಿನಾ ಮಾಡುವ ಹಾಗೆ ಒಮ್ಮೆ ಎಳೆದು ತೋರಿಸಿದೆ.

ಅವರು ದೋಟಿ ನೋಡಿದರು, ಎಲೆ ನೋಡಿದರು, ನನ್ನನ್ನು ನೋಡಿದರು.

"ದಿನಾ?"

ತಲೆ ಆಡಿಸಿದೆ.

"ಯಾವಾಗಿಂದ?"

"ನೀವು ಬಂದ ಮರುದಿನದಿಂದ. ಮೊದಲು ವಾರಕ್ಕೊಮ್ಮೆ. ನೀವು ಬರ್ತೀರಿ ಅಂತ... ಚಂದ ಕಾಣಲಿ ಅಂತ."

ಅವರು ತೊಳೆದಿಟ್ಟ ಮೆಟ್ಟಿಲಿನ ಮೇಲೆ ಕುಸಿದು ಕೂತರು. ಚೀಲದಿಂದ ಪುಸ್ತಕ ತೆಗೆದು ಹಾಳೆ ಮಗುಚಿದರು. ಅಲ್ಲಿ ಎಷ್ಟೋ ಕಡೆ "ಎಲೆ ಹರಿದಿದೆ, ಮಂಗ" ಎಂದು ಬರೆದಿತ್ತು. ನನಗೆ ತೋರಿಸಿ, "ಹಂಗಾದ್ರ ನನ್ನ ಮಂಗ್ಯಾ ನೀವೇನ್ರಿ?" ಎಂದರು.

ನನಗೆ ಅಳು ಬಂತು. ಅವರಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು, ಆಮೇಲೆ ಆ ನೀರು ನಗುವಿನದ್ದೇ ಎಂದು ನನಗೆ ಹೇಳಲಾಗಲಿಲ್ಲ. ಕುತ್ತಿಗೆಯ ಪೆನ್ಸಿಲು ಹಿಡಿದು ನಮ್ಮ ಕೆರೆಯ ಹಾಳೆಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆಯತೊಡಗಿದರು. ಹರಿಯಲಿಲ್ಲ, ಅಳಿಸಲಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ. ಎರಡು ಮಳೆಗಾಲ ಹೊಡೆದುಹಾಕಲು ಬಹಳ ಹೊತ್ತು ಬೇಕಾಗುತ್ತದೆ ಮಕ್ಕಳೇ. ನಾನು ದೋಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ತಪ್ಪು ನಿಮ್ಮದಲ್ಲ ಅಕ್ಕಾರ" ಎಂದರು ಕೊನೆಗೆ. "ಎರಡು ವರ್ಷ ನಿಮ್ಮ ಕೈಯಾಗಿನ ಚಾ ಕುಡದೆ. ನಿಮಗ ಒಂದ ಮಾತು ಕೇಳಲಿಲ್ಲ. ಕೆರಿಗೆ ದಿನಾ ಬರಾಕಿ ನೀವು, ನಾ ಕೇಳಿದ್ದು ಜಗಲಿ ಮ್ಯಾಲೆ ಕುಂತವರನ್ನ."

ಹಾಗೆಯೇ ಎದ್ದು ಜಗಲಿಗೆ ಹೋದರು. ಮೈದುನ ಪೇಪರು ಓದುವ ಹಾಗೆ ಮುಖ ಮುಚ್ಚಿಕೊಂಡಿದ್ದರು. "ನಿಮ್ಮ ಮ್ಯಾಲೆ ಇಲ್ಲದ್ದು ಹೊರಿಸಿದೆ, ತಪ್ಪಾತ್ರಿ" ಎಂದು ಎರಡೂ ಕೈ ಮುಗಿದರು. ನಡೆದದ್ದನ್ನು ಹೇಳಿದರು. ಮೈದುನನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಇರ್ಲಿ ಮಾರಾಯ್ರೆ, ಕೂತುಕೊಳ್ಳಿ. ಅಂದ್ರೆ ನನ್ನ ಮದ್ದಿನಿಂದ ಎಂತ ಆಗುದಿಲ್ಲ ಅಂತ ಆಯ್ತಲ್ಲ?"

"ಹಂಗ ಅಂದಿಲ್ರಿ. ಅದು ಗೊತ್ತಿಲ್ಲ ಅಂದೆ. ಆದ್ರ ಡ್ರಮ್ ತೊಳದ ನೀರು ಕೆರಿಗೆ ಬಿಡೂದು ನಾ ಕಣ್ಣಾರೆ ನೋಡೀನಿ. ಅದು ನಿಮ್ಮದ."

ಮೈದುನ ಪೇಪರನ್ನು ಮತ್ತೆ ಮುಖಕ್ಕೆ ಹಿಡಿದರು. ಆದರೆ ಆಮೇಲೆ ಡ್ರಮ್ ತೊಳೆಯುವುದನ್ನು ಮೇಲಿನ ತಟ್ಟಿಗೇ ಸಾಗಿಸಿದರು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

"ಶನಿವಾರ ನೀವೂ ಬರ್ರಿ" ಎಂದು ಮೇಡಂ ನನಗೆ ಹೇಳಿದರು. "ಮಾತಾಡೂದು ಬ್ಯಾಡ. ಸುಮ್ಮ ಕುಂದರ್ರಿ. ನಿಮ್ಮನ್ನ ನೋಡಿದ್ರ ನನಗ ಖರೇ ಹೇಳಾಕ ಧೈರ್ಯ ಬರ್ತೈತಿ."

ಮೈದುನ, ನಾನು ಸುಳ್ಯಕ್ಕೆ ಬಂದು ಪುತ್ತೂರಿನ ಬಸ್ಸು ಹಿಡಿದೆವು. ಸಭೆಯಲ್ಲಿ ಮುಂದೆ ಗಂಡಸರು. ಕುರ್ಚಿ ತುಂಬಲಿ ಎಂದು ಸುಳ್ಯ, ಕಡಬದ ಸ್ವಸಹಾಯ ಗುಂಪಿನ ಹೆಂಗಸರನ್ನೂ ಕರೆದಿದ್ದರು. ನಾವು ಹಿಂದಿನ ಸಾಲುಗಳಲ್ಲಿ ಕೂತೆವು. ಮೇಡಂ ಗೂಡಿನ ಚಿತ್ರ ತೋರಿಸಿದರು, ಕಪ್ಪೆಯ ಚಿತ್ರ ತೋರಿಸಿದರು. ಆಮೇಲೆ, "ಈಗ ನಿಮಗೆ ಒಂದು ಉತ್ತರ ಹೇಳಬೇಕಾಗಿತ್ತು. ಆ ಉತ್ತರ ತಪ್ಪಾಗಿತ್ತು" ಎಂದು, ಒಂದು ಕೆರೆಯಲ್ಲಿ ಮನೆಯವರು ಸ್ವಚ್ಛತೆಗೆಂದು ಗೂಡುಗಳನ್ನು ಗುಡಿಸುತ್ತಿದ್ದ ವಿಷಯ ಹೇಳಿದರು.

ಕಚೇರಿಯ ಹಿರಿಯರು ಕನ್ನಡಕ ತೆಗೆದರು. "ಎರಡು ಮಳೆಗಾಲದ ಕೆಲಸ ಹೋಯ್ತಾ?"

"ಆ ಕೆರೀದು ಹೋತ್ರಿ."

"ಉಳಿದ ಕೆರೆಗಳದ್ದು?"

"ಅದನ್ನೂ ನಂಬಾಕ ಆಗವಲ್ದು. ಅಲ್ಲೆನೂ ನಾ ಹೆಣ್ಣಮಕ್ಕಳನ್ನ ಕೇಳಿಲ್ಲ."

"ಹಾಗಾದರೆ ಮುಂದಿನ ವರ್ಷ ಈ ಕೆಲಸ ಯಾಕೆ ನಡೆಸಬೇಕು, ನೀವೇ ಹೇಳಿ."

ಮೇಡಂ ಕೈಯಲ್ಲಿದ್ದ ಕಾಗದವನ್ನು ಸುಮ್ಮನೆ ನೇರ ಮಾಡಿದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿ, "ಕಪ್ಪೆ ಗೂಡಿಗೆ ಹಿಡಿಸೂಡಿ ಹಿಡಿದ ಆ ಜಾಣೆ ಯಾರು ಮಾರಾಯ್ರೆ? ಹೇಳಿ, ಒಂದು ಶಾಲು ಹಾಕುವ!" ಎಂದರು. ಸಭೆಯೆಲ್ಲ ನಕ್ಕಿತು.

"ಹೆಸರು ಹೇಳಂಗಿಲ್ರಿ" ಎಂದರು ಮೇಡಂ. "ಕೇಳದೇ ಇದ್ದಾಕಿ ನಾನು. ನಗೂದಿದ್ರ ನನ್ನ ನೋಡಿ ನಗ್ರಿ."

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತದ್ದು ಹೇಗೆ ಎಂದು ಈಗಲೂ ಗೊತ್ತಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದೆ. "ನಾನು" ಎಂದೆ. ಸ್ವರ ಎರಡು ಸಾಲು ದಾಟಲಿಲ್ಲ. "ಅದು ಗೂಡು ಅಂತ ಗೊತ್ತಿರಲಿಲ್ಲ. ಅತ್ತೆ ಹೇಳಿದ್ದು, ಹುಳದ ಉಗುಳು, ತುರಿಸ್ತದೆ ಅಂತ."

ನನ್ನ ಪಕ್ಕದಲ್ಲಿ ಪೆರಾಬೆಯ ಒಬ್ಬರು ಕೂತಿದ್ದರು. ಅವರು ನನ್ನ ಸೆರಗು ಜಗ್ಗಿ ದೊಡ್ಡ ಸ್ವರದಲ್ಲಿ, "ಎಂತ, ಆ ಬಿಳಿ ನೊರೆ ಗೂಡಾ? ಅದನ್ನು ನಾವೂ ತೆಗಿಯುದು! ನಮ್ಮಲ್ಲಿಯೂ ತುರಿಸ್ತದೆ ಅಂತಲೇ ಹೇಳುದು" ಎಂದರು. ಹಿಂದಿನಿಂದ ಇನ್ನೊಬ್ಬರು, "ನಾನು ಮರದ ಆ ಗೆಲ್ಲನ್ನೇ ಕಡಿಸ್ತೇನೆ ಪ್ರತಿ ವರ್ಷ" ಎಂದರು. ಆಮೇಲೆ ಒಬ್ಬರು ಎದ್ದು, ಶಾಲು ಹಾಕುವ ಎಂದವರ ಕಡೆ ಕೈ ತೋರಿಸಿ, "ಇವರ ಮನೆಯ ಕೆರೆ ಗುಡಿಸುದು ನಾನೇ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಇವರು ಒಂದು ದಿನ ಆ ಬದಿಗೆ ಬಂದದ್ದಿಲ್ಲ. ಶಾಲನ್ನು ಸೀದಾ ಮನೆಗೇ ತನ್ನಿ!" ಎಂದರು.

ಈ ಸಲ ನಗು ಹಿಂದಿನ ಸಾಲುಗಳಿಂದ ಬಂತು.

ಮೇಡಂ ತಾವು ವೇದಿಕೆಯ ಮೇಲಿರುವುದನ್ನೇ ಮರೆತರು. ಇಳಿದು ಬಂದು, ನಮ್ಮ ನಡುವೆ ಒಂದು ಕುರ್ಚಿ ಎಳೆದು ಕೂತು, ಪೆನ್ಸಿಲು ಹಿಡಿದರು. ಯಾವ ತಿಂಗಳಲ್ಲಿ ಗುಡಿಸುತ್ತೀರಿ? ವಾರಕ್ಕೆ ಎಷ್ಟು ಸಲ? ಯಾವ ಗಿಡದ ಎಲೆಯಲ್ಲಿ ಜಾಸ್ತಿ? ಕೋಲಿನಿಂದಲೋ ಕೈಯಿಂದಲೋ? ಹೆಂಗಸರು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಯಾವ ಕೆರೆಗೆ ಯಾವ ಹಕ್ಕಿ ಬೆಳಿಗ್ಗೆ ಬರುತ್ತದೆ, ಮಿಂಚುಳ್ಳಿ ಎಲ್ಲಿ ಮಣ್ಣು ಕೊರೆಯುತ್ತದೆ, ಯಾವ ವರ್ಷದಿಂದ ಯಾವ ಕಪ್ಪೆಯ ಸ್ವರ ನಿಂತಿದೆ, ಎಲ್ಲ ಅವರಿಗೆ ಗೊತ್ತಿತ್ತು. ಅಷ್ಟನ್ನೂ ದಿನಾ ನೀರಿಗೆ ಹೋಗುವಾಗ ನೋಡಿದ್ದು.

ಹಿರಿಯರು ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಹತ್ತಿರ ಬಂದು, "ಎಲ್ಲ ಬರೆದುಕೊಳ್ಳಿ. ಮುಂದಿನ ವರ್ಷ ಇಲ್ಲಿಂದಲೇ ಶುರು ಮಾಡುವ" ಎಂದರು. ಮೇಡಂ ತಲೆ ಎತ್ತದೆ "ಹೂಂ ರೀ" ಎಂದರು. ಅವರಿಗೆ ಕೇಳಿಸಿತೋ ಇಲ್ಲವೋ.

ವಾಪಸು ಬರುವಾಗ ಬಸ್ಸು ಸುಳ್ಯ ಮುಟ್ಟುವ ಮೊದಲು ಮೈದುನ, "ಅತ್ತಿಗೆ, ನೀವು ಸಭೆಯಲ್ಲಿ ಮಾತಾಡಿದ್ರಿ ಅಂತ ಮನೆಯಲ್ಲಿ ಹೇಳಿದ್ರೆ ಯಾರೂ ನಂಬುದಿಲ್ಲ. ಕೇಳಿದ್ದಲ್ಲ, ನಾನು ನೋಡಿದ್ದು ಅಂತ ಹೇಳ್ಬೇಕಷ್ಟೆ" ಎಂದರು.

ಆಮೇಲೆ ಮೇಡಂ ನಾಲ್ಕು ಮಳೆಗಾಲ ಬಂದರು. ಕೇಳುವ ಕಾಗದದಲ್ಲಿ ಮೊದಲ ಪ್ರಶ್ನೆಯನ್ನೇ ಬದಲಿಸಿದ್ದರು: ಈ ಮನೆಯಲ್ಲಿ ಕೆರೆಗೆ ದಿನಾ ಹೋಗುವವರು ಯಾರು? ಉತ್ತರ ಸಿಗುವವರೆಗೆ ಎರಡನೆಯ ಪ್ರಶ್ನೆಗೆ ಹೋಗುತ್ತಿರಲಿಲ್ಲ. ಮರ್ಕಂಜದಲ್ಲಿ, ಪೆರಾಬೆಯಲ್ಲಿ ಮನೆ ಮನೆಯ ಅಡಿಗೆಮನೆಗೆ ಹೋಗಿ ಕೂತು ನೊರೆಯ ಚಿತ್ರ ತೋರಿಸಿದರು. ಗುಡಿಸಬೇಡಿ ಎಂದು ಹೇಳುತ್ತಿರಲಿಲ್ಲ. ಒಂದು ವಾರ ಬಿಟ್ಟು ನೋಡಿ, ತುರಿಸಿದರೆ ನನಗೆ ಹೇಳಿ ಎನ್ನುತ್ತಿದ್ದರು. ತುರಿಸಿತು ಎಂದು ಯಾರೂ ಹೇಳಲಿಲ್ಲ. ಈಗ ಈ ಸುತ್ತಿನಲ್ಲಿ ನೊರೆ ಗುಡಿಸುವವರು ಕಡಿಮೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅತ್ತೆಯಂದಿರು ಅದನ್ನು ಗೂಡು ಎಂದೇ ತೋರಿಸುತ್ತಾರೆ. ಮದ್ದಿನ ವಿಷಯದಲ್ಲಿ ಅವರ ಸಂಶೋಧನೆ ಇನ್ನೂ ಮುಗಿದಿಲ್ಲ, ಅವರ ಜಾಗಕ್ಕೆ ಬಂದ ಹುಡುಗಿ ಮುಂದುವರಿಸುತ್ತಾಳಂತೆ. "ಚೊಲೋ ಹುಡುಗಿ. ಮೊದಲ ಅಡಗಿಮನಿಗೆ ಹೋಗ್ತಾಳ" ಎಂದು ಮೊನ್ನೆ ಫೋನಿನಲ್ಲಿ ಹೇಳಿದರು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ.

ಪುತ್ತೂರಿನ ಸಭೆಯಾಗಿ ಒಂದು ವಾರಕ್ಕೆ ಮೇಡಂ ಯಾವುದೋ ಕೆಲಸಕ್ಕೆ ಊರಿಗೆ ಹೋಗಬೇಕಾಯಿತು. ಹೋಗುವಾಗ ನನ್ನ ಕೈಗೆ ಒಂದು ಪುಸ್ತಕ ಕೊಟ್ಟು, "ನಾ ಬರೂತನಕಾ ನೀವು ಬರೀರಿ" ಎಂದರು. "ನಾನು ಏಳನೆಯವರೆಗೆ ಓದಿದ್ದು ಮೇಡಂ" ಎಂದೆ. "ಕಪ್ಪಿ ಎಣಸಾಕ ಏಳು ಸಾಕ್ರಿ" ಎಂದರು.

ಅವರು ಹೋದ ಎರಡನೆಯ ಬೆಳಿಗ್ಗೆ ಕೊಕ್ಕೊ ಎಲೆಯಲ್ಲಿ ನೊರೆ ಇತ್ತು. ಒಂದೇ. ನನ್ನ ಕೈ ದೋಟಿಯ ಕಡೆಗೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಅಷ್ಟು ವರ್ಷದ ಅಭ್ಯಾಸ. ಕೈ ಹಿಂದೆ ಕಟ್ಟಿ ನಿಂತೆ. ಒಂದು ಗೂಡು ಎಂದು ಬರೆದೆ. ಮರುದಿನ, ಒಂದು ಗೂಡು. ಅದರ ಮರುದಿನ, ಒಂದು ಗೂಡು, ಬಣ್ಣ ಸ್ವಲ್ಪ ಹಳದಿ. ಕಾಗೆ ಬಂದು ಹತ್ತಿರ ಕೂತಾಗ ಓಡಿಸಿದೆ, ಓಡಿಸಿದೆ ಎಂದೂ ಬರೆದೆ.

ಒಂಬತ್ತನೆಯ ದಿನ ಬೆಳಿಗ್ಗೆ ಮಳೆ ಜೋರಾಗಿ ಬಂತು. ನಾನು ಕೊಡೆ ಹಿಡಿದು ಮೆಟ್ಟಿಲಿನಲ್ಲಿ ನಿಂತಿದ್ದೆ. ನೊರೆ ಕರಗಿ ಎಲೆಯ ತುದಿಗೆ ಇಳಿಯಿತು. ಅಲ್ಲಿಂದ ಒಂದು ಕಪ್ಪು ಚುಕ್ಕೆ ನೀರಿಗೆ ಬಿತ್ತು. ಆಮೇಲೆ ಇನ್ನೊಂದು. ಐದು, ಆರು, ಹನ್ನೊಂದು. ಆಮೇಲೆ ಮಳೆಯ ಹನಿ ಯಾವುದು, ಮರಿ ಯಾವುದು ಎಂದು ಗೊತ್ತಾಗದಷ್ಟು.

ಒಳಗೆ ಓಡಿ, ಒದ್ದೆ ಕೈಯಲ್ಲೇ ಅವರಿಗೆ ಫೋನು ಮಾಡಿದೆ. "ಬಿತ್ತು ಮೇಡಂ, ಕೆರೆಗೆ ಬಿತ್ತು!"

"ನೀವ ನೋಡಿದ್ರೇನು?"

"ನಾನೇ ನೋಡಿದ್ದು."

"ಎಷ್ಟು ಬಿದ್ವು ಅಕ್ಕಾರ?"

"ಎಣಿಸ್ಲಿಕ್ಕೆ ಆಗ್ಲಿಲ್ಲ ಮೇಡಂ."

"ಎಣಿಸಾಕ ಆಗಲಿಲ್ಲ ಅಂತನ ಬರೀರಿ" ಎಂದರು.

ಬರೆದೆ.